ಆಪರೇಷನ್ ಕತ್ತರಿಗೆ ಸಾಣೆ ಹಿಡಿಸೋಕೆ ಘಟ್ಟ ದಾಟಬೇಕಾ? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಯಾಕೆ ಆಗಬಾರದು?

ಶಿರಸಿ ವರ್ಕ್‌ಶಾಪ್
ಭಾನುವಾರ, ಬೆಳಿಗ್ಗೆ 7:12

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ 22 ವರ್ಷದಿಂದ ವರ್ಕ್‌ಶಾಪ್ ನಡೆಸ್ತಾ ಇದ್ದೇನೆ. ಎರಡು ಲೇಥ್, ಒಂದು ಮಿಲ್ಲಿಂಗ್ ಮಷಿನ್, ಟಿಗ್ ವೆಲ್ಡಿಂಗ್ ಇದೆ. ಮುಕ್ಕಾಲು ಪಾಲು ಕೆಲಸ ಅಡಿಕೆಯದ್ದೇ. ಸುಲಿಯುವ ಯಂತ್ರ, ಅದರ ಬ್ಲೇಡು, ರೋಲರು, ಔಷಧಿ ಹೊಡೆಯುವ ಪಂಪಿನ ಬಿಡಿಭಾಗ.

ಹೋದ ತಿಂಗಳು ಪರಿಚಯದ ಸರ್ಜನ್ ಒಬ್ಬರು ಕಾಗದದಲ್ಲಿ ಸುತ್ತಿದ ಕತ್ತರಿಯೊಂದನ್ನು ತಂದು ಮೇಜಿನ ಮೇಲಿಟ್ಟರು. "ಇದು ಕತ್ತರಿಸ್ತಾ ಇಲ್ಲ, ಅಗೀತಾ ಇದೆ. ಹೊರಗೆ ಕಳಿಸಿದ್ರೆ ವಾಪಸ್ ಬರೋಕೆ ತಿಂಗಳು ಬೇಕು. ನೀವೊಂದು ಕೈ ನೋಡಿ" ಅಂದರು. ಕತ್ತರಿ ತಾನೇ ಅಂದುಕೊಂಡು ಬೆಂಚ್ ಗ್ರೈಂಡರಿಗೆ ಹಿಡಿದೆ. ತುದಿ ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ನೋಡ್ತಾ ನೋಡ್ತಾ ನೀಲಿಯಾಯಿತು. ಹದ ಹೋಯಿತು ಅಂತ ಕೈಗೆ ಗೊತ್ತಾಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಹೊಸ ಕತ್ತರಿ ನಾನೇ ತರಿಸಿಕೊಟ್ಟೆ.

ಹಾಳಾದದ್ದನ್ನು ಮಾತ್ರ ಎಸೆಯಲಿಲ್ಲ. ರಾತ್ರಿ ಊಟ ಆದಮೇಲೆ ಭೂತಗನ್ನಡಿ ಹಿಡಿದು ಅದನ್ನೇ ನೋಡ್ತಾ ಕೂರ್ತಿದ್ದೆ. ಎರಡು ಅಲಗು ಮುಚ್ಚಿ ಬೆಳಕಿಗೆ ಹಿಡಿದರೆ ನಡುವೆ ಸಣ್ಣ ಸಂದು ಕಾಣುತ್ತದೆ. ಅಲಗು ನೇರ ಇಲ್ಲ, ಕೂದಲೆಳೆಯಷ್ಟು ಬಿಲ್ಲಿನ ಹಾಗೆ ಬಾಗಿದೆ. ಹಾಗಾಗಿ ಮುಚ್ಚುವಾಗ ಎರಡು ಅಲಗು ಒಂದೇ ಬಿಂದುವಿನಲ್ಲಿ ತಾಗುತ್ತವೆ, ಆ ಬಿಂದು ಬುಡದಿಂದ ತುದಿಯವರೆಗೆ ಓಡುತ್ತದೆ. ಆ ಬಾಗನ್ನು ಯಾರೋ ಕೂತು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಟ್ಟಿ ಕೊಟ್ಟಿದ್ದಾರೆ. ನಾನು ಎರಡು ನಿಮಿಷದಲ್ಲಿ ಸುಟ್ಟದ್ದು ಆ ಕೆಲಸವನ್ನು.

ನನ್ನ ಪ್ರಶ್ನೆ ಇಷ್ಟೇ. ಇಂಥ ಕೆಲಸ ಮಾಡುವ ಊರುಗಳು ಹೇಗೆ ಹುಟ್ಟಿದವು? ಶಿರಸಿ, ಕುಮಟಾ, ಕಾರವಾರದಲ್ಲಿ ಲೇಥ್ ಇದೆ, ವೆಲ್ಡರ್ ಇದ್ದಾರೆ, ಐಟಿಐ ಕಲಿತ ಹುಡುಗರಿದ್ದಾರೆ. ನಮ್ಮಲ್ಲಿ ಯಾಕೆ ಆಗಿಲ್ಲ, ಆಗಬೇಕಾದ್ರೆ ಎಲ್ಲಿಂದ ಶುರು ಮಾಡಬೇಕು? ಬಲ್ಲವರು ಹೇಳಿ.

---

ಅರಬೈಲ್ ಘಟ್ಟ
ಭಾನುವಾರ, 8:05

ಒಳ್ಳೆಯ ವಿಚಾರ, ಆದರೆ ನನಗೆ ನಂಬಿಕೆ ಕಡಿಮೆ. ನಮ್ಮ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗ್ತಾ ಇದ್ದೇವೆ. ಗಂಭೀರ ಆದರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿಂ. ಆಸ್ಪತ್ರೆಯೇ ಬಾರದ ಜಿಲ್ಲೆಯಲ್ಲಿ ಆಸ್ಪತ್ರೆಯ ಉಪಕರಣ ಮಾಡುವ ಕೈಗಾರಿಕೆ ಬರುತ್ತದೆ ಅಂದರೆ ಹೇಗೆ? ಉಕ್ಕು ಇಲ್ಲಿಲ್ಲ, ಕೊಳ್ಳುವವರು ಇಲ್ಲಿಲ್ಲ, ಶಿರಸಿಗೆ ರೈಲೂ ಇಲ್ಲ.

---

ಓಟಿ ಸಿಸ್ಟರ್
ಭಾನುವಾರ, 10:40

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ಕಾರವಾರ ಕಡೆಯವಳು, 16 ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿದ್ದೇನೆ. ಯಾವ ಆಸ್ಪತ್ರೆ ಅಂತ ಹೇಳೋದಿಲ್ಲ, ಬೇಕಾಗಿಯೂ ಇಲ್ಲ.

ಶಿರಸಿಯವರೇ, ನೀವು ಹೇಳಿದ ಆ ಕತ್ತರಿ ನನ್ನ ದಿನನಿತ್ಯದ ಕಥೆ. ನಮ್ಮಲ್ಲಿ ಒಂದು ತಗಡಿನ ಡಬ್ಬಿ ಇದೆ. ಕೆಟ್ಟ ಉಪಕರಣ ಎಲ್ಲ ಅದರಲ್ಲಿ ಬೀಳುತ್ತದೆ. ಬಾಯಿ ಸರಿಯಾಗಿ ಕೂಡದ ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಇಕ್ಕುಳ), ಸೂಜಿ ಜಾರುವ ನೀಡಲ್ ಹೋಲ್ಡರ್, ಮೊಂಡಾದ ಕತ್ತರಿ. ಅದರಲ್ಲಿ ಅರ್ಧಕ್ಕರ್ಧ ನಿಜವಾಗಿ ಸತ್ತಿಲ್ಲ. ಸ್ವಲ್ಪ ನೋಡಿಕೊಳ್ಳುವವರು ಸಿಕ್ಕಿದ್ದರೆ ಇನ್ನೂ ಐದಾರು ವರ್ಷ ಬಾಳುತ್ತಿದ್ದವು.

ನಾವು ಪರೀಕ್ಷೆ ಮಾಡೋದು ಹೀಗೆ. ಆರ್ಟರಿ ಫೋರ್ಸೆಪ್ಸನ್ನು ಹಿಡಿಯ ಹತ್ತಿರದ ಲಾಕಿನ ಮೊದಲನೇ ಹಲ್ಲಿಗೆ ಮಾತ್ರ ಸಿಕ್ಕಿಸಿ ಅಂಗೈಗೆ ಮೆಲ್ಲಗೆ ತಟ್ಟಬೇಕು. ತಾನಾಗಿ ಬಿಚ್ಚಿಕೊಂಡರೆ ಅದನ್ನು ಟ್ರೇಗೆ ಹಾಕುವ ಹಾಗಿಲ್ಲ. ರಕ್ತನಾಳ ಹಿಡಿದಿದ್ದಾಗ ಹಾಗೆ ಬಿಚ್ಚಿಕೊಂಡರೆ ಏನಾಗುತ್ತದೆ ಅಂತ ನಾನು ಬರೆಯಬೇಕಾಗಿಲ್ಲ. ನೀಡಲ್ ಹೋಲ್ಡರಿಗೆ ಸೂಜಿ ಕಚ್ಚಿಸಿ ಬೆರಳಲ್ಲಿ ತಿರುಗಿಸಿ ನೋಡ್ತೇವೆ. ತಿರುಗಿದರೆ ಬಾಯಿಯ ಗೆರೆ ಸವೆದಿದೆ ಅಂತ ಲೆಕ್ಕ. ಕತ್ತರಿಗೆ ಒದ್ದೆ ಗಾಜ್ ಬಟ್ಟೆ. ತುದಿಯಲ್ಲಿ ಎಳೆ ಸಿಕ್ಕಿಕೊಂಡರೆ ಹೋಯಿತು.

ಇನ್ನೊಂದು, ತುಕ್ಕು. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯೋದಿಲ್ಲ ಅಂತ ಹೊರಗಿನವರು ತಿಳಿದಿರ್ತಾರೆ. ಕಾರವಾರಕ್ಕೆ ಬಂದು ನೋಡಲಿ. ಉಪ್ಪುಗಾಳಿ ಒಂದು ಕಡೆ. ನಾವೇ ಮಾಡುವ ತಪ್ಪು ಇನ್ನೊಂದು ಕಡೆ. ಆಪರೇಷನ್ ಮುಗಿದಮೇಲೆ ತೊಳೆಯೋಕೆ ಪುರಸೊತ್ತಿಲ್ಲದೆ ಸಲೈನಿನಲ್ಲೋ ಬ್ಲೀಚಿಂಗ್ ದ್ರಾವಣದಲ್ಲೋ ಗಂಟೆಗಟ್ಟಲೆ ಮುಳುಗಿಸಿಡ್ತಾರೆ. ಕೀಲಿನ ಸಂದಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಕಾಣಿಸಿಕೊಂಡು ಒಳಗೊಳಗೇ ಕೊರೆಯುತ್ತದೆ. ಒಂದಿನ ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಇಂದ ತೆಗೆಯುವಾಗ ಕೀಲು ಸೀಳಿರುತ್ತದೆ. ನಾನು ಹೊಸ ಹುಡುಗಿಯರಿಗೆ ಮೊದಲ ದಿನವೇ ಹೇಳೋದು: ತೊಳಿ, ಕೀಲು ಬಿಚ್ಚಿಡು, ಒಣಗಿಸು.

2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ನಮ್ಮ ಒಂದು ಸೆಟ್ ರಿಪೇರಿಗೆ ಅಂತ ಹೋದದ್ದು ಆಚೆಯೇ ಉಳಿದಿತ್ತು. ಆ ದಿನಗಳಲ್ಲಿ ಎಷ್ಟೋ ಮನೆಯವರು ತಮ್ಮವರನ್ನೇ ಕಳೆದುಕೊಂಡು ಅಳ್ತಾ ಇದ್ದಾಗ ಇದು ದೊಡ್ಡದಲ್ಲ, ನಿಜ. ಆದರೂ ಇರುವ ಎರಡೇ ಸೆಟ್ಟನ್ನು ಮತ್ತೆ ಮತ್ತೆ ಆಟೋಕ್ಲೇವ್ ಮಾಡ್ತಾ ಕಾಯುವ ಆ ರಾತ್ರಿ ನನಗೆ ಮರೆಯೋದಿಲ್ಲ. ಇಲ್ಲೇ ಒಬ್ಬರು ಇದ್ದಿದ್ದರೆ ಅನ್ನಿಸಿತ್ತು.

---

ಅಂಕೋಲಾದವ, ಈಗ ಜರ್ಮನಿ
ಭಾನುವಾರ, 2:20

ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನಿರುವ ರಾಜ್ಯದಲ್ಲೇ ಟುಟ್ಲಿಂಗನ್ ಅನ್ನುವ ಊರಿದೆ. ಕೆಲಸದ ಮೇಲೆ ಮೂರು ನಾಲ್ಕು ಸಲ ಹೋಗಿದ್ದೇನೆ. ಡ್ಯಾನ್ಯೂಬ್ ನದಿ ಅಲ್ಲಿ ಇನ್ನೂ ಚಿಕ್ಕದು, ನಮ್ಮ ಗಂಗಾವಳಿಯ ಮುಂದೆ ಏನೂ ಅಲ್ಲ. ಬೇಸಿಗೆಯಲ್ಲಿ ಊರಿಗಿಂತ ಸ್ವಲ್ಪ ಮೇಲೆ ನೆಲದೊಳಗೇ ಇಂಗಿಹೋಗುತ್ತದೆ. ಊರಲ್ಲಿರುವ ಜನ ಸುಮಾರು 35,000, ಅಂದರೆ ಶಿರಸಿಗಿಂತ ಸಣ್ಣದು. ಆ ಊರು ಮತ್ತು ಸುತ್ತಮುತ್ತ ಸುಮಾರು 400 ವೈದ್ಯಕೀಯ ಉಪಕರಣದ ಕಂಪನಿಗಳಿವೆ.

ಶುರುವಾದದ್ದು ಚಾಕು ಮಾಡುವ ಕಮ್ಮಾರರಿಂದ. 1867ರಲ್ಲಿ ಗಾಟ್‌ಫ್ರೀಡ್ ಯೆಟ್ಟರ್ ಅನ್ನುವವರು ಒಂದು ಸಣ್ಣ ವರ್ಕ್‌ಶಾಪ್ ಇಟ್ಟರು. ಅದೇ ಮುಂದೆ ಎಸ್ಕುಲಾಪ್ ಕಂಪನಿಯಾಯಿತು. ಅಲ್ಲಿ ಕೆಲಸ ಕಲಿತವರು ಹೊರಗೆ ಬಂದು ತಮ್ಮದೇ ಶೆಡ್ಡು ಹಾಕಿದರು. ಒಬ್ಬ ಬರೀ ಕತ್ತರಿ, ಇನ್ನೊಬ್ಬ ಬರೀ ಮೂಳೆ ಕೆಲಸದ್ದು, ಮತ್ತೊಬ್ಬ ಬರೀ ಪಾಲಿಶ್. 1945ರಲ್ಲಿ ಕಾರ್ಲ್ ಸ್ಟೋರ್ಜ್ ಕಂಪನಿ ಶುರುವಾದದ್ದೂ ಅಲ್ಲೇ, ಕಿವಿ ಮೂಗು ಗಂಟಲಿನ ಉಪಕರಣದಿಂದ.

ಹೊಸದು ಹುಟ್ಟುವ ರೀತಿಯನ್ನು ನೋಡಿ. ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ ಅನ್ನುವ ಭೌತವಿಜ್ಞಾನಿ, ದೇಹದೊಳಗೆ ಇಳಿಸಿ ನೋಡುವ ಕೊಳವೆಯಾದ ಎಂಡೋಸ್ಕೋಪಿನೊಳಗೆ ಸಣ್ಣ ಸಣ್ಣ ಲೆನ್ಸಿನ ಬದಲು ಗಾಜಿನ ಕಡ್ಡಿ ಇಟ್ಟರೆ ಬೆಳಕು ಎಷ್ಟೋ ಪಾಲು ಹೆಚ್ಚು ಬರುತ್ತದೆ ಅಂತ ಕಂಡುಹಿಡಿದರು. ಬೇರೆ ಕಡೆಯ ಕಂಪನಿಗಳು ಕೈಗೆತ್ತಿಕೊಳ್ಳಲಿಲ್ಲ. 1960ರ ದಶಕದಲ್ಲಿ ಅದನ್ನು ಹಿಡಿದು ಮಾಡಿ ತೋರಿಸಿದ್ದು ಈ ಸಣ್ಣ ಊರಿನ ಸ್ಟೋರ್ಜ್. ವಿಚಾರ ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಿ, ಅದು ಉಪಕರಣವಾದದ್ದು ಇಲ್ಲಿ. ಯಾಕಂದ್ರೆ ಸಣ್ಣ ಕೊಳವೆ, ಸಣ್ಣ ಸ್ಕ್ರೂ, ಸಣ್ಣ ಬೆಸುಗೆ ಮಾಡುವ ಕೈಗಳು ನಡೆದು ಹೋಗುವ ದೂರದಲ್ಲಿದ್ದವು.

ನನಗೆ ಹೊಟ್ಟೆಕಿಚ್ಚಾಗುವ ಸಂಗತಿ ಮಾತ್ರ ಬೇರೆ. ಅಲ್ಲಿ ಶಸ್ತ್ರಚಿಕಿತ್ಸಾ ಉಪಕರಣ ಮಾಡುವುದೇ ಒಂದು ವೃತ್ತಿ ಶಿಕ್ಷಣ, ಮೂರೂವರೆ ವರ್ಷದ್ದು. ಹುಡುಗರು ವಾರದಲ್ಲಿ ಸ್ವಲ್ಪ ಹೊತ್ತು ಶಾಲೆಯಲ್ಲಿ, ಉಳಿದ ಹೊತ್ತು ಕಂಪನಿಯ ಬೆಂಚಿನಲ್ಲಿ. ಮೊದಲು ಕಲಿಯೋದು ಅರ ಹಿಡಿಯೋದು. ಯಂತ್ರಕ್ಕೆ ಬಿಡುವ ಮುಂಚೆ ಕೈಗೆ ಕಲಿಸ್ತಾರೆ.

---

ಅರಬೈಲ್ ಘಟ್ಟ
ಭಾನುವಾರ, 3:02

ಜರ್ಮನಿಯ ಕಥೆ ಕೇಳೋಕೆ ಚೆನ್ನ. ಆದರೆ ಪೈಪೋಟಿ ಇರೋದು ಸಿಯಾಲ್‌ಕೋಟ್ ಜೊತೆಗೆ. ಪಾಕಿಸ್ತಾನದ ಆ ಊರಿಂದ ಕತ್ತರಿ, ಫೋರ್ಸೆಪ್ಸ್ ಜಗತ್ತಿಗೆಲ್ಲ ಹೋಗುತ್ತದೆ, ಜರ್ಮನಿಗೂ ಹೋಗುತ್ತದೆ. ಅವರ ಬೆಲೆಗೆ ನಾವು ಕೊಡಲು ಸಾಧ್ಯವಾ? ಟೆಂಡರಿನಲ್ಲಿ ಕಡಿಮೆ ಬೆಲೆಯವನೇ ಗೆಲ್ಲೋದು.

---

ಬೆಳಗಾವಿ ಫೌಂಡ್ರಿ
ಭಾನುವಾರ, 5:30

ನಾನು ಮೂಲತಃ ಹೊನ್ನಾವರದವ. ಮೆಟಲರ್ಜಿ ಓದಿ ಬೆಳಗಾವಿಯ ಉದ್ಯಮಬಾಗದಲ್ಲಿ 30 ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಎರಡು ವಿಷಯ ಹೇಳಬೇಕು.

ಮೊದಲು ಸಿಯಾಲ್‌ಕೋಟ್. ಅಲ್ಲಿ ಕತ್ತಿ, ಕಠಾರಿ ಮಾಡುವ ಕಮ್ಮಾರರು ಹಿಂದಿನಿಂದ ಇದ್ದರು. ಊರಲ್ಲಿ ಅಮೆರಿಕದ ಮಿಷನ್ ಆಸ್ಪತ್ರೆ ಇತ್ತು. ಆ ಆಸ್ಪತ್ರೆಯ ಕೆಟ್ಟ ಉಪಕರಣಗಳನ್ನು ರಿಪೇರಿ ಮಾಡ್ತಾ ಮಾಡ್ತಾ ಅವರು ಕಲಿತರು, ಆಮೇಲೆ ಅದರಂತೆಯೇ ಹೊಸದು ಮಾಡಿಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗೆ ಉಪಕರಣ ಬೇಕಾದಾಗ ಬೇಡಿಕೆ ಏರಿತು, ಬ್ರಿಟಿಷ್ ಸರ್ಕಾರ ಅಲ್ಲೊಂದು ಲೋಹ ಕೈಗಾರಿಕೆಯ ತರಬೇತಿ ಕೇಂದ್ರವನ್ನೂ ತೆರೆಯಿತು. ಶಿರಸಿಯವರು "ಎಲ್ಲಿಂದ ಶುರು" ಅಂತ ಕೇಳಿದ್ದಕ್ಕೆ ಉತ್ತರ ಇದರಲ್ಲೇ ಇದೆ. ಅಲ್ಲಿ ಶುರುವಾದದ್ದು ರಿಪೇರಿಯಿಂದ.

1994ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಉಪಕರಣ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಗುಣಮಟ್ಟ ಸರಿಯಿಲ್ಲ ಅಂತ ಅವರ ಮಾಲು ತಡೆಹಿಡಿಯಿತು. ಆ ದೇಶಕ್ಕೆ ರಫ್ತು ಕುಸಿಯಿತು. ಒಬ್ಬೊಬ್ಬರೇ ಇದ್ದಿದ್ದರೆ ಅಲ್ಲಿಗೆ ಮುಗಿದಿತ್ತು. ಅವರ ಸಂಘ ಸರ್ಕಾರದ ಜೊತೆ ಸೇರಿ ಹೊರಗಿನಿಂದ ತಜ್ಞರನ್ನು ಕರೆಸಿತು. ಯಾವ ಉಕ್ಕು, ಯಾವ ಒಲೆ, ಯಾವ ಶಾಖ, ಎಲ್ಲವನ್ನೂ ಬರೆದಿಡುವುದನ್ನು ಕಂಪನಿಗಳು ಕಲಿತವು. ಕೆಲವೇ ವರ್ಷದಲ್ಲಿ ಎದ್ದು ನಿಂತರು. 2007ರಲ್ಲಿ ವ್ಯಾಪಾರಿಗಳೇ ಹಣ ಹಾಕಿ ಕಟ್ಟಿದ ವಿಮಾನ ನಿಲ್ದಾಣ ಅಲ್ಲಿ ಶುರುವಾಯಿತು. ರೈಲಿಲ್ಲ ಅಂತ ನಾವು ಬೇಸರಪಡುವಾಗ ಇದನ್ನೂ ನೆನಪಿಡೋಣ.

ಇನ್ನು ಹದದ ವಿಚಾರ. ಶಿರಸಿಯವರೇ, ನಿಮ್ಮ ತಪ್ಪು ಎಲ್ಲರೂ ಮಾಡುವ ತಪ್ಪು. ಕತ್ತರಿಗೆ, ಫೋರ್ಸೆಪ್ಸಿಗೆ ಬಳಸೋದು ಸಾಮಾನ್ಯವಾಗಿ 410 ಅಥವಾ 420 ದರ್ಜೆಯ ಉಕ್ಕು. ಕ್ರೋಮಿಯಂ ನೂರಕ್ಕೆ ಸುಮಾರು 13 ಪಾಲು, ಜೊತೆಗೆ ಗಟ್ಟಿಯಾಗಲು ಬೇಕಾದಷ್ಟು ಇಂಗಾಲ. 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಬೇಗ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಹದ ಮಾಡಬೇಕು. ಕತ್ತರಿಗೆ ಹೆಚ್ಚು ಗಡಸು ಬೇಕು, ಫೋರ್ಸೆಪ್ಸಿಗೆ ಅಷ್ಟು ಬೇಡ, ಅದು ಬಗ್ಗಿ ಮರಳಬೇಕು. ಅಡಿಗೆ ಪಾತ್ರೆಯ 304 ಉಕ್ಕನ್ನು ಎಷ್ಟು ಕಾಯಿಸಿ ತಣಿಸಿದರೂ ಹೀಗೆ ಗಡಸಾಗೋದಿಲ್ಲ. ಅದಕ್ಕೆ ತುಕ್ಕು ಕಡಿಮೆ, ಆದರೆ ಅಲಗು ನಿಲ್ಲೋದಿಲ್ಲ. ಸಾಣೆ ಹಿಡಿಯುವಾಗ ನಿಧಾನದ ಕಲ್ಲು ಬಳಸಿ, ನೀರು ಹರೀತಾ ಇರಲಿ, ಬೆರಳಿಗೆ ಬಿಸಿ ತಾಗಿದರೆ ನಿಲ್ಲಿಸಿ.

ಸಿಸ್ಟರ್ ಹೇಳಿದ ಕಪ್ಪು ಚುಕ್ಕೆಗೆ ಕಾರಣ ಕ್ಲೋರೈಡ್. ಉಕ್ಕಿನ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಇರುತ್ತದೆ, ತುಕ್ಕು ತಡೆಯೋದು ಅದೇ. ಸಲೈನ್, ಬ್ಲೀಚ್, ರಕ್ತ, ನಮ್ಮ ಕಡಲಗಾಳಿ, ಎಲ್ಲದರಲ್ಲೂ ಕ್ಲೋರೈಡ್ ಇದೆ, ಅದು ಪೊರೆಯನ್ನು ಚುಚ್ಚುತ್ತದೆ. ಸಾಣೆ ಹಿಡಿದಾಗಲೂ ಪೊರೆ ಹೋಗುತ್ತದೆ. ಹಾಗಾಗಿ ಕೊನೆಗೆ ನೈಟ್ರಿಕ್ ಅಥವಾ ಸಿಟ್ರಿಕ್ ಆಮ್ಲದಲ್ಲಿ ಅದ್ದಿ ಪೊರೆ ಮತ್ತೆ ಕಟ್ಟಿಸಬೇಕು, ಪ್ಯಾಸಿವೇಶನ್ ಅಂತಾರೆ. ಸಿಟ್ರಿಕ್ ಸಾಕು, ಸಣ್ಣ ವರ್ಕ್‌ಶಾಪಿಗೆ ಅದೇ ಸುರಕ್ಷಿತ. ಪೊರೆ ಕೂತಿದೆಯಾ ನೋಡಲು ಮೈಲುತುತ್ತದ (ಕಾಪರ್ ಸಲ್ಫೇಟ್) ದ್ರಾವಣ ಹಚ್ಚುವ ಪರೀಕ್ಷೆ ಇದೆ. ತಾಮ್ರದ ಬಣ್ಣ ಹತ್ತಿದರೆ ಕೆಲಸ ಕೆಟ್ಟಿದೆ ಅಂತ ಅರ್ಥ. ಅಡಿಕೆಗೆ ಬೋರ್ಡೋ ಹೊಡೆಯುವ ಊರಲ್ಲಿ ಮೈಲುತುತ್ತಕ್ಕೆ ಬರ ಇಲ್ಲ!

---

ಕುಮಟಾ ಸರ್ಜನ್
ಭಾನುವಾರ, 9:15

ನಾನು ಕಿವಿ ಮೂಗು ಗಂಟಲಿನ ವೈದ್ಯ. ನಾವು ಹಿಡಿಯುವ ಎಷ್ಟೋ ಉಪಕರಣಕ್ಕೆ ಯಾವುದೋ ಸರ್ಜನ್ ಹೆಸರಿದೆ. ಕೋಖರ್ ಫೋರ್ಸೆಪ್ಸ್, ಮೇಯೋ ಕತ್ತರಿ, ಮೆಟ್ಜೆನ್‌ಬಾಮ್ ಕತ್ತರಿ. ಅದನ್ನು ಮೊದಲು ಬಡಿದು ಕೊಟ್ಟ ಕಮ್ಮಾರನ ಹೆಸರು ಯಾವುದರ ಮೇಲೂ ಇಲ್ಲ. ಓದುವಾಗ ಇದು ಹೊಳೆದಿರಲಿಲ್ಲ, ಈ ಚರ್ಚೆ ಓದುವಾಗ ಹೊಳೆಯಿತು.

ನಮ್ಮ ಕರಾವಳಿಯ ಒಂದು ತೊಂದರೆ ಹೇಳ್ತೇನೆ. ಮೀನಿನ ಮುಳ್ಳು. ವಾರಕ್ಕೆ ಇಬ್ಬರು ಮೂವರು ಬಂದೇ ಬರ್ತಾರೆ, ಮಳೆಗಾಲ ಕಳೆದು ದೋಣಿ ಇಳಿದ ಮೇಲೆ ಇನ್ನೂ ಹೆಚ್ಚು. ಟಾನ್ಸಿಲ್ ಹತ್ತಿರವೋ ನಾಲಿಗೆಯ ಬುಡದಲ್ಲೋ ಮುಳ್ಳು ನೆಟ್ಟಿರುತ್ತದೆ. ನಮ್ಮಲ್ಲಿರುವ ಫೋರ್ಸೆಪ್ಸಿನ ಬಾಯಿ ಊತಕ ಹಿಡಿಯಲು ಮಾಡಿದ್ದು, ಅಗಲ, ಮೇಲೆ ಒರಟು ಗೆರೆ. ತಾರ್ಲೆ ಮೀನಿನ ಮುಳ್ಳಿನಂಥ ತೆಳ್ಳಗಿನದನ್ನು ಹಿಡಿದರೆ ಒಂದೋ ಜಾರುತ್ತದೆ, ಇಲ್ಲವೋ ಮುರಿದು ಅರ್ಧ ಒಳಗೇ ಉಳಿಯುತ್ತದೆ. ರೋಗಿಗೆ ವಾಂತಿ ಬಂದ ಹಾಗಾಗುತ್ತದೆ, ಕಣ್ಣಲ್ಲಿ ನೀರು, ಇನ್ನೊಂದು ಸಲ ಬಾಯಿ ತೆರೆಯಲು ಮಕ್ಕಳು ಒಪ್ಪೋದೇ ಇಲ್ಲ. ಬಾಯಿ ಕಿರಿದಾಗಿ, ತುದಿಯ 3 ಮಿಲಿಮೀಟರ್ ಮಾತ್ರ ಒಂದಕ್ಕೊಂದು ಸರಿಯಾಗಿ ಕೂಡುವಂತೆ, ಹಿಡಿ ಸ್ವಲ್ಪ ಕೆಳಗೆ ಬಾಗಿ ನನ್ನ ಕೈ ಬೆಳಕಿಗೆ ಅಡ್ಡ ಬರದಂತೆ ಇದ್ದರೆ ಎಷ್ಟು ಸುಲಭ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೇನೆ. ಕಾಗದದ ಮೇಲೆ ಬಿಡಿಸಿಯೂ ಇಟ್ಟಿದ್ದೇನೆ. ಯಾರಿಗೆ ಕೊಡೋದು? ಕ್ಯಾಟಲಾಗ್ ನೋಡಿ ಕೊಳ್ಳುವವನ ಮಾತು ಮಾಡುವವನ ತನಕ ಹೋಗೋದೇ ಇಲ್ಲ.

ದೊಡ್ಡ ಸಾಧನೆಗಳೂ ಇದನ್ನೇ ಹೇಳ್ತವೆ. ಜೈಪುರದಲ್ಲಿ 1968ರ ಸುಮಾರಿಗೆ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರಬ್ಬರಿನ ಕಾಲು ಮಾಡಿದರು. ಬರಿಗಾಲಲ್ಲಿ ಗದ್ದೆಗಿಳಿಯುವ, ಕುಕ್ಕರಗಾಲಲ್ಲಿ ಕೂರುವ ನಮ್ಮ ಜನಕ್ಕೆ ಬೇಕಾದ ಕಾಲು ಅದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಹೃದಯದ ಕೃತಕ ಕವಾಟ ಮಾಡಿತು. ಮೂರು ಮಾದರಿ ಸೋತು ನಾಲ್ಕನೆಯದು ಗೆದ್ದಿತು, 1990ರಲ್ಲಿ ಮೊದಲ ರೋಗಿಗೆ ಕೂರಿಸಿದರು. ಅವರೇ ಮುಂದೆ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು. ಮಧುರೈಯ ಅರವಿಂದ ಕಣ್ಣಾಸ್ಪತ್ರೆ 1992ರಲ್ಲಿ ಆರೋಲ್ಯಾಬ್ ಶುರು ಮಾಡಿ, ಸುಮಾರು 100 ಡಾಲರಿಗೆ ಆಮದಾಗುತ್ತಿದ್ದ ಕಣ್ಣಿನ ಲೆನ್ಸನ್ನು 10 ಡಾಲರಿನ ಆಸುಪಾಸಿಗೆ ಇಳಿಸಿತು. ಮೂರರಲ್ಲೂ ವೈದ್ಯ ಮತ್ತು ಕೆಲಸಗಾರ ಒಂದೇ ಅಂಗಳದಲ್ಲಿದ್ದರು.

---

ಶಿರಸಿ ವರ್ಕ್‌ಶಾಪ್
ಭಾನುವಾರ, ರಾತ್ರಿ 10:50

ಡಾಕ್ಟ್ರೇ, ನಿಮ್ಮ ಮಾತು ಓದಿ ನನಗೆ ಅಡಿಕೆ ಯಂತ್ರ ನೆನಪಾಯಿತು.

ಮೊದಲೆಲ್ಲ ರಾತ್ರಿಯಿಡೀ ಲಾಟೀನು ಹಚ್ಚಿ ಮೆಟ್ಟುಗತ್ತಿ ಮೇಲೆ ಹೆಂಗಸರು ಸುಲೀತಿದ್ದರು. ಯಂತ್ರ ಬಂದಾಗ ಮೊದಲ ವರ್ಷ ಸುಲಿದದ್ದಕ್ಕಿಂತ ಗಾಯ ಮಾಡಿದ್ದೇ ಹೆಚ್ಚು. ಒಂದು ಸಂಜೆ ಹುಲೇಕಲ್ ಕಡೆಯ ರೈತರೊಬ್ಬರು ಬುಟ್ಟಿ ತುಂಬ ಗಾಯದ ಅಡಿಕೆ ತಂದು ನನ್ನ ಮೇಜಿನ ಮೇಲೆ ಸುರಿದು, "ಇದನ್ನ ನೀನೇ ಮಾರಿ ಕೊಡು" ಅಂದರು. ಮಾತು ಕಹಿಯಾಗಿತ್ತು, ಆದರೆ ಒಂದೊಂದೂ ಅಡಿಕೆಯ ಗಾಯ ಎಲ್ಲಿದೆ ಅಂತ ನೋಡಿದಾಗ ಬ್ಲೇಡಿನ ಕೋನ ಎಲ್ಲಿ ತಪ್ಪಿದೆ ಗೊತ್ತಾಯಿತು. ಮರುದಿನ ಬದಲಿಸಿದೆ. ಪಕ್ಕದ ವರ್ಕ್‌ಶಾಪಿನವ ನನ್ನದನ್ನು ನೋಡಿ ರಬ್ಬರು ಬದಲಿಸಿದ, ನಾನು ಅವನದನ್ನು ನೋಡಿ ಬೆಲ್ಟು ಬದಲಿಸಿದೆ. ಸಾಗರ, ತೀರ್ಥಹಳ್ಳಿಯವರೂ ಮಾಡ್ತಾ ಇದ್ದರು. ಯಾರೂ ಇದಕ್ಕೆ ಕ್ಲಸ್ಟರ್ (ಒಂದೇ ಕಸುಬಿನ ವರ್ಕ್‌ಶಾಪುಗಳ ಸಮೂಹ) ಅಂತ ಹೆಸರಿಡಲಿಲ್ಲ. ಆದರೆ ಜರ್ಮನಿಯಿಂದ ಬರೆದವರು ಹೇಳಿದ್ದು ಇದೇ ತಾನೇ?

ಅಂದಮೇಲೆ ನಮಗೆ ಆ ಪದ್ಧತಿ ಹೊಸದಲ್ಲ. ಡಾಕ್ಟರು ಬುಟ್ಟಿ ತಂದು ಸುರಿಯುವ ಜಾಗ ಒಂದು ಬೇಕು.

---

ಉಳಿ
ಸೋಮವಾರ, 6:30

ನಾವು ಗುಡಿಗಾರರು. ಅಜ್ಜ ಕುಮಟಾದಲ್ಲಿ ಗಂಧದ ಕೆತ್ತನೆ ಮಾಡ್ತಿದ್ದರು, ಅಪ್ಪನೂ ಮಾಡಿದರು, ನಾನು ಈಗ ಅರ್ಧ ದಿನ ಮಾತ್ರ. ಗಂಧ ಸಿಗುವುದು ಕಷ್ಟ, ದುಬಾರಿ.

ಒಂದು ಮಾತು. ನಮ್ಮ ಉಳಿಗಳನ್ನು ನಾವೇ ಹದ ಮಾಡಿಕೊಳ್ಳುತ್ತೇವೆ, ನಾವೇ ಸಾಣೆ ಹಿಡಿಯುತ್ತೇವೆ. ಗಂಧದಲ್ಲಿ ದೇವರ ಬೆರಳಿನ ಉಗುರು ಬಿಡಿಸುವ ಉಳಿಯ ಬಾಯಿ ಅಕ್ಕಿಕಾಳಿನ ತುದಿಗಿಂತ ಸಣ್ಣದು. ಅಜ್ಜ ಸಾಣೆ ಹಿಡಿದ ಉಳಿಯನ್ನು ಉಗುರಿನ ಮೇಲಿಟ್ಟು ನೋಡ್ತಿದ್ದರು. ಜಾರಿದರೆ ಮೊಂಡು, ಕಚ್ಚಿ ನಿಂತರೆ ಸರಿ. ಇಲ್ಲಿ ಬರೆದ ಕತ್ತರಿ, ಫೋರ್ಸೆಪ್ಸಿನ ತುದಿಗೆ ಬೇಕಾದ ಕಣ್ಣು ನಮ್ಮಲ್ಲಿ ಇದೆ. ನನ್ನ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡ್ತಾ ಇದ್ದಾನೆ. ಅವನ ಕೈ ನನಗಿಂತ ಸೂಕ್ಷ್ಮ. ಇಂಥದ್ದೇನಾದರೂ ಇಲ್ಲಿ ಇದ್ದರೆ ವಾಪಸ್ ಕರೆಸಬಹುದಿತ್ತು ಅಂತ ರಾತ್ರಿ ಇದನ್ನೆಲ್ಲ ಓದಿ ಅನ್ನಿಸಿತು.

---

ಅರಬೈಲ್ ಘಟ್ಟ
ಸೋಮವಾರ, 9:10

ಉಳಿಯವರು ಬರೆದದ್ದು ಓದಿದ ಮೇಲೆ ನಾನು ಸ್ವಲ್ಪ ಮೆತ್ತಗಾಗಿದ್ದೇನೆ. ಆದರೂ ಒಂದು ಕಾಳಜಿ ಹೇಳಲೇಬೇಕು. ನಮ್ಮ ಚಿಕ್ಕಪ್ಪ ಹೊರ ರಾಜ್ಯದ ಒಂದು ಪಾಲಿಶಿಂಗ್ ಕಾರ್ಖಾನೆಯಲ್ಲಿ 19 ವರ್ಷ ದುಡಿದರು. ಮೂಗಿಗೆ ಒಂದು ಕರವಸ್ತ್ರ ಅಷ್ಟೇ. 50 ದಾಟುವ ಮೊದಲೇ ಉಸಿರು ಸಿಕ್ಕದ ಹಾಗಾಗಿ ಊರಿಗೆ ಬಂದರು, ಆಮೇಲೆ ಬಹಳ ದಿನ ಇರಲಿಲ್ಲ. ಸಿಯಾಲ್‌ಕೋಟಿನಲ್ಲಿ ಮಕ್ಕಳನ್ನು ದುಡಿಸಿದ ವರದಿಗಳೂ ಬಂದಿವೆ. ಕೋಲ್ಕತ್ತಾದ ದಕ್ಷಿಣಕ್ಕೆ ಬಾರುಯಿಪುರದಲ್ಲಿ ನಮ್ಮ ದೇಶದ್ದೇ ಒಂದು ಸಮೂಹ ಇದೆ. ಅಲ್ಲಿ ಮನೆಯ ಜಗುಲಿಯಲ್ಲೇ ಬಡಿದು, ಉಜ್ಜಿ, ಹೊಳಪು ಕೊಡುವವರ ಕೈಗೆ ಬರೋದು ಚಿಲ್ಲರೆ ಕಾಸು. ಜೀವ ಉಳಿಸುವ ವಸ್ತು ಮಾಡ್ತಾ ಮಾಡುವವನ ಜೀವ ಹೋದರೆ ಏನು ಬಂತು? ಶುರು ಮಾಡೋದಾದರೆ ಧೂಳು ಹೀರುವ ಫ್ಯಾನು ಮೊದಲು, ಗ್ರೈಂಡರು ಆಮೇಲೆ.

---

ಪಾಲಿಟೆಕ್ನಿಕ್ ಮೂರನೇ ವರ್ಷ
ಸೋಮವಾರ, 1:25

ಸರ್, ನಾನು ಕಾರವಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡ್ತಾ ಇದ್ದೇನೆ. ಪ್ರಾಜೆಕ್ಟಿಗೆ ಅಂತ ಕಾನೂನು ಓದಿಕೊಂಡಿದ್ದೆ, ಉಪಯೋಗ ಆಗಬಹುದು ಅಂತ ಬರೀತಿದ್ದೇನೆ.

ವೈದ್ಯಕೀಯ ಸಾಧನಗಳ ನಿಯಮಾವಳಿ 2017ರದ್ದು, ಜಾರಿಗೆ ಬಂದದ್ದು 2018ರ ಜನವರಿ 1ರಿಂದ. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ಹೃದಯದ ಕವಾಟದಂಥದ್ದು ಡಿ. ಮತ್ತೆ ಮತ್ತೆ ಬಳಸುವ ಸಾಮಾನ್ಯ ಕೈ ಉಪಕರಣ ಬಹುಪಾಲು ಎ. ಎ ವರ್ಗದಲ್ಲಿ ಸ್ಟೆರೈಲ್ ಮಾಡಿ ಮಾರದ, ಅಳತೆ ಮಾಡುವ ಕೆಲಸ ಇಲ್ಲದ ಸಾಧನಗಳಿಗೆ 2022ರ ಅಕ್ಟೋಬರಿನಿಂದ ತಯಾರಿಕಾ ಲೈಸೆನ್ಸ್ ಬೇಕಿಲ್ಲ, ಆನ್‌ಲೈನಿನಲ್ಲಿ ನೋಂದಣಿ ಮಾಡಿ ನಿಯಮ ಪಾಲಿಸುತ್ತೇವೆ ಅಂತ ತಾವೇ ಪ್ರಮಾಣೀಕರಿಸಬೇಕು. ಹಾಗಂತ ಹೇಗೆ ಬೇಕಾದರೂ ಮಾಡಬಹುದು ಅಂತ ಅಲ್ಲ. ಯಾವ ಉಕ್ಕು, ಯಾವ ಬ್ಯಾಚು, ಯಾರು ಪರೀಕ್ಷಿಸಿದರು, ಎಲ್ಲ ದಾಖಲೆ ಇರಬೇಕು. ಹೊರದೇಶಕ್ಕೆ ಕಳಿಸಬೇಕಾದರೆ ಐಎಸ್‌ಒ 13485 (ವೈದ್ಯಕೀಯ ಸಾಧನ ತಯಾರಿಕೆಯ ಅಂತಾರಾಷ್ಟ್ರೀಯ ಗುಣಮಟ್ಟದ ಮಾನದಂಡ) ಕೇಳ್ತಾರೆ.

ನನ್ನ ಅಣ್ಣ ಇಲ್ಲಿಯ ನೌಕಾನೆಲೆಯ ಹಡಗು ರಿಪೇರಿ ಯಾರ್ಡಿನಲ್ಲಿ ಅಪ್ರೆಂಟಿಸ್ ಮುಗಿಸಿದವ. ಸ್ಟೇನ್‌ಲೆಸ್ ಪೈಪಿನ ಬೆಸುಗೆಯಲ್ಲಿ ಒಂದು ಸೂಜಿತೂತು ಇದ್ದರೂ ವಾಪಸ್ ಕಳಿಸ್ತಿದ್ದರಂತೆ. ಪ್ರತಿ ಬೆಸುಗೆಗೆ ನಂಬರು, ಸಹಿ. ಕೈಗಾ ಅಣುಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡಿದವರೂ ಇದನ್ನೇ ಹೇಳ್ತಾರೆ. ಬರೆದಿಡುವ ಅಭ್ಯಾಸ ಇರುವ ಕೆಲಸಗಾರರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ ಸರ್, ಕೆಲಸ ಹುಡುಕ್ತಾ ಇದ್ದಾರೆ.

---

ಬೆಳಗಾವಿ ಫೌಂಡ್ರಿ
ಸೋಮವಾರ, 4:00

ತಮ್ಮಾ, ತುಂಬ ಸರಿಯಾಗಿ ಬರೆದಿದ್ದೀಯ. ಆ ನಂಬರು ಹಾಕುವ ಅಭ್ಯಾಸವನ್ನು ರಿಪೇರಿಗೂ ತನ್ನಿ. ಯಾವ ಉಪಕರಣ, ಏನು ಕೆಟ್ಟಿತ್ತು, ಏನು ಮಾಡಿದೆವು, ಎಷ್ಟು ದಿನ ಬಾಳಿತು. 200 ಉಪಕರಣ ಆಗುವಷ್ಟರಲ್ಲಿ ನಮ್ಮ ಕರಾವಳಿಯಲ್ಲಿ ಏನು ಹೇಗೆ ಕೆಡುತ್ತದೆ ಅನ್ನುವ ಲೆಕ್ಕ ಕೈಗೆ ಸಿಗುತ್ತದೆ. ಹೊಸದು ಮಾಡುವಾಗ ಆ ಪುಸ್ತಕವೇ ಬಂಡವಾಳ. ಫೋರ್ಜಿಂಗ್ ಮತ್ತು ಹದದ ಒಲೆಗೆ ಸದ್ಯಕ್ಕೆ ಹಣ ಹಾಕಬೇಡಿ. ಬೆಳಗಾವಿಯಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವವರಿದ್ದಾರೆ. ಕೊನೆಯ ಅರ, ಕೂಡಿಸುವಿಕೆ, ಸಾಣೆ, ಪರೀಕ್ಷೆ, ಇಷ್ಟು ನಿಮ್ಮಲ್ಲಿರಲಿ. ಉಪಕರಣದ ಜೀವ ಇರೋದು ಅಲ್ಲೇ.

---

ಕುಮಟಾ ಸರ್ಜನ್
ಸೋಮವಾರ, 8:45

ಮುಳ್ಳಿನ ಫೋರ್ಸೆಪ್ಸಿನ ಚಿತ್ರ ಅಳತೆ ಹಾಕಿ ಮತ್ತೆ ಬಿಡಿಸಿದ್ದೇನೆ. ಒಂದು ಷರತ್ತು. ಮಾದರಿ ಆದಮೇಲೆ ಮೊದಲು ಆಡಿನ ನಾಲಿಗೆಗೆ ತಾರ್ಲೆ ಮುಳ್ಳು ಚುಚ್ಚಿ ತೆಗೆದು ನೋಡೋಣ, 50 ಸಲ. ಎಷ್ಟು ಜಾರಿತು, ಎಷ್ಟು ಮುರಿಯಿತು ಬರೆದಿಡೋಣ. ನೋಂದಣಿ, ದಾಖಲೆ ಸರಿಯಾಗುವ ತನಕ ರೋಗಿಯ ಹತ್ತಿರ ತರೋದಿಲ್ಲ. ಮತ್ತೆ ಅದು ಎಂದಾದರೂ ಹೊರಗೆ ಬಂದರೆ ಅದಕ್ಕೆ ನನ್ನ ಹೆಸರು ಬೇಡ. ಮಾಡಿದವರ ಹೆಸರಿರಲಿ.

---

ಶಿರಸಿ ವರ್ಕ್‌ಶಾಪ್
ಸೋಮವಾರ, ರಾತ್ರಿ 10:15

ಹಿಂದಿನ ಶೆಡ್ಡು ಖಾಲಿ ಮಾಡಿಸಿದ್ದೇನೆ. ನೀರು ಹರಿಯುವ ನಿಧಾನದ ಸಾಣೆಕಲ್ಲು ಒಂದು ಸಿಕ್ಕಿದೆ. ಅರಬೈಲ್‌ನವರ ಮಾತು ಮನಸ್ಸಿನಲ್ಲಿ ಉಳಿದಿತ್ತು, ಧೂಳು ಹೀರುವ ಫ್ಯಾನು ಮತ್ತು ಕೊಳವೆ ಇವತ್ತೇ ಕೂರಿಸಿದೆ. ಹುಡುಗರಿಗೆ ಸರಿಯಾದ ಮಾಸ್ಕ್ ತರಿಸಿದೆ. ಉಳಿಯವರೇ, ಬರುವ ಭಾನುವಾರ ನೀವು ಬಂದು ನಮಗೆ ಸಾಣೆ ಹಿಡಿಯೋದನ್ನು ತೋರಿಸಬೇಕು, ಬಸ್ಸಿನ ಖರ್ಚು, ಊಟ, ಕೂಲಿ ನಮ್ಮದು. ಮಗನಿಗೆ ರಜೆ ಸಿಕ್ಕರೆ ಅವನೂ ಬರಲಿ. ನಾನು ಸುಟ್ಟ ಕತ್ತರಿ ಮೇಜಿನ ಮೇಲೆ ಇರುತ್ತದೆ, ಅದರಿಂದಲೇ ಶುರು ಮಾಡೋಣ. ಸಿಸ್ಟರ್, ನಿಮ್ಮ ತಗಡಿನ ಡಬ್ಬಿ?

---

ಓಟಿ ಸಿಸ್ಟರ್
ಮಂಗಳವಾರ, ಬೆಳಿಗ್ಗೆ 6:50

ಮೇಲಿನವರ ಒಪ್ಪಿಗೆ ಕೇಳಿದೆ. ಲೆಕ್ಕದಿಂದ ತೆಗೆದುಹಾಕಿದವುಗಳನ್ನು ಕಲಿಯೋಕೆ ಕೊಡಬಹುದು, ಬರವಣಿಗೆಯಲ್ಲಿ ಇರಬೇಕು ಅಂದರು. ರಾತ್ರಿ ಕೂತು ಎಣಿಸಿದೆ. ಆರ್ಟರಿ ಫೋರ್ಸೆಪ್ಸ್ 11, ನೀಡಲ್ ಹೋಲ್ಡರ್ 4, ಕತ್ತರಿ 7, ಹಲ್ಲು ಮುರಿದ ಅಲ್ಲಿಸ್ ಫೋರ್ಸೆಪ್ಸ್ 2. ಎಲ್ಲವನ್ನೂ ತೊಳೆದು, ಆಟೋಕ್ಲೇವ್ ಮಾಡಿ, ಕೀಲು ಬಿಚ್ಚಿ ಒಣಗಿಸಿ, ಒಂದೊಂದಕ್ಕೂ ಏನು ತೊಂದರೆ ಅಂತ ಚೀಟಿ ಕಟ್ಟಿದ್ದೇನೆ. ಭಾನುವಾರ ನನಗೆ ವೀಕ್ಲಿ ಆಫ್. ಬೆಳಗಿನ ಕುಮಟಾ ಬಸ್ಸು ಹಿಡಿದು, ಅಲ್ಲಿಂದ ದೇವಿಮನೆ ಘಟ್ಟದ ಬಸ್ಸಿಗೆ ಬರ್ತೇನೆ. 11 ಗಂಟೆ ಒಳಗೆ ಶಿರಸಿ ಹಳೇ ಬಸ್ ಸ್ಟ್ಯಾಂಡಿನಲ್ಲಿ ಇಳೀತೇನೆ, ಯಾರಾದರೂ ಬನ್ನಿ, ಡಬ್ಬಿ ಭಾರ ಇದೆ.